ಶಿಲುಬೆಮರದ ಆಚೆಗೆ

ಪಾಲೋ ಮನೆಯ ಮೇತಾಳಿಗೆ ಐವತ್ತೈದು ದಾಟಿದ ಮೇಲೆ ಒಂದು ಕಾಡು ಕೈಗೆ ಬಂತು. ಬಂತು ಅನ್ನುವುದಕ್ಕಿಂತ ವಾಪಸು ಬಂತು ಅನ್ನಬೇಕು. ಅಜ್ಜನ ಕಾಲದಿಂದ ಆ ಮನೆಗೇ ಸೇರಿದ್ದ ಕಾಡನ್ನು ರಷ್ಯದವರ ಸರ್ಕಾರ ಕಿತ್ತುಕೊಂಡಿತ್ತು. ಆ ಸರ್ಕಾರ ಗಂಟುಮೂಟೆ ಕಟ್ಟಿ, ಎಸ್ತೋನಿಯ ಮತ್ತೆ ತನ್ನ ಪಾಡಿಗೆ ತಾನು ನಿಂತ ಮೇಲೆ, ಅವರವರ ಕಾಡನ್ನು ಅವರವರಿಗೆ ಹಿಂದಿರುಗಿಸಿದರು. ಹಾನ್ಯಾ ಗುಡ್ಡಸೀಮೆಯಲ್ಲಿ ಹೀಗೆ ಕಾಡು ವಾಪಸು ಪಡೆದವರು ಬಹಳ ಮಂದಿ. ಅರ್ಧಕ್ಕರ್ಧ ಜನ ಸಿಕ್ಕಿದ ವರ್ಷವೇ ಮರ ಕಡಿಸಿ ಮಾರಿ, ಮನೆಗೆ ಹೊಸ ಮಾಡು ಹಾಕಿಸಿಕೊಂಡು ಕೂತರು. ಮೇತಾ ಮಾತ್ರ ರಬ್ಬರ್ ಬೂಟು ಏರಿಸಿಕೊಂಡು, ಬುಟ್ಟಿಯೊಂದನ್ನು ತೋಳಿಗೆ ತೂಗುಹಾಕಿಕೊಂಡು, ಕಾಡು ಸುತ್ತಲು ಹೊರಟಳು.

ಇದರಲ್ಲೊಂದು ಕಹಿ ತಮಾಷೆಯಿದೆ. ಅದೇ ಕಾಡಿನಲ್ಲಿ ಅವಳು ಹರೆಯದಿಂದ ಕೂಲಿ ಮಾಡಿದ್ದಳು. ಸರ್ಕಾರದವರು ಕಡಿದು ಬೋಳು ಮಾಡಿದ ಇಳಿಜಾರಿನಲ್ಲಿ ಪೈನ್ ಸಸಿ ನೆಡುವ ಹೆಂಗಸರ ಗುಂಪಿನಲ್ಲಿ ಅವಳೂ ಒಬ್ಬಳು. ಬಗ್ಗಿದ ಸೊಂಟ ಅವಳದು, ಕಾಲಡಿಯ ನೆಲ ಅವಳಪ್ಪನದು, ಗದರಿಸುವ ಮೇಸ್ತ್ರಿ ಮಾತ್ರ ಎಲ್ಲಿಂದಲೋ ಬಂದವನು. ಹೊಟ್ಟೆ ಉರಿಯುತ್ತಿರಲಿಲ್ಲವೇ ಅಂದರೆ, ಉರಿಯುತ್ತಿತ್ತು. ಹಾಗಂತ ಸಸಿಯನ್ನು ತಲೆಕೆಳಗಾಗಿ ನೆಡಲಾಗುತ್ತದೆಯೇ? ನೆಟ್ಟಳು, ಚೆನ್ನಾಗಿಯೇ ನೆಟ್ಟಳು. ಮದುವೆಯಾದಳು, ಗಂಡ ಎರಡು ಚಳಿಗಾಲ ಜೊತೆಗಿದ್ದು, ಮರ ಕೊಯ್ಯುವ ಕಾರ್ಖಾನೆಯಲ್ಲಿ ದಿಮ್ಮಿಯ ಕೆಳಗೆ ಸಿಕ್ಕಿ ಹೋದ. ಮಕ್ಕಳಿರಲಿಲ್ಲ. ತಿರುಗಿ ಪಾಲೋ ಮನೆಗೇ ಬಂದು, ಮದುವೆಯ ಗೋಜಿಗೇ ಹೋಗದ ಅಣ್ಣ ಏದಿಯ ಜೊತೆ ಉಳಿದುಬಿಟ್ಟಳು. ಅಷ್ಟರಲ್ಲಿ ಆ ಸಸಿಗಳು ಮನೆಯ ಮಾಡಿಗಿಂತ ಎತ್ತರ ಬೆಳೆದಿದ್ದವು.

ಹೀಗಿದ್ದವಳಿಗೆ ಕಾಡೇ ಸಿಕ್ಕಿಬಿಟ್ಟರೆ ಸುಮ್ಮನೆ ಕೂರುತ್ತಾಳೆಯೇ. ಬೆಳಿಗ್ಗೆ ಹಸುವಿನ ಕೆಲಸ ಮುಗಿದದ್ದೇ ತಡ, ಹೊರಡುವಳು. ಒಂದು ದಿನ ಅಜ್ಜ ಹೂಳಿಸಿದ ಗಡಿಕಲ್ಲು ಹುಡುಕುವುದು, ಇನ್ನೊಂದು ದಿನ ತಗ್ಗಿನ ಚಿಲುಮೆಯ ನೀರು ಎತ್ತ ಹರಿಯುತ್ತದೆಂದು ಅದರ ಬೆನ್ನು ಹತ್ತುವುದು. ಎಲ್ಲಿ ಕಾಲು ಹೂತುಹೋಗುತ್ತದೆ, ಎಲ್ಲಿ ಕೆಂಪು ಹುಳಿಹಣ್ಣು ಮೊದಲು ಮಾಗುತ್ತದೆ, ಬಿರುಗಾಳಿಗೆ ಬಿದ್ದ ಭೂರ್ಜ ಮರವನ್ನು ಯಾವ ಮಗ್ಗುಲಿನಿಂದ ದಾಟಬೇಕು ಎಲ್ಲವೂ ಅವಳ ಕಾಲಿಗೆ ತಿಳಿಯಿತು. ಸಂಜೆ ಮನೆಗೆ ಬಂದರೆ ತಲೆಗೂದಲಲ್ಲಿ ಪೈನ್ ಸೂಜಿ, ಮುಖದಲ್ಲಿ ಊರಿಗೇ ಒಡತಿಯಾದ ಕಳೆ.

ದಾರಿಯಲ್ಲಿ ಎದುರಾದ ನೆರೆಮನೆಯ ಮುದುಕಿ ಅಲ್ಮಾ ಬಿಡುವವಳಲ್ಲ. "ಏನೇ ಮೇತಾ, ಜಮೀನ್ದಾರಿಣಿ ಆಗ್ಹೋದೆ. ಏನು, ಮರಗಳಿಗೆ ಹೋಗಿ ನಿನ್ನ ಪರಿಚಯ ಹೇಳ್ಕೊಂಡು ಬರ್ತೀಯಾ ದಿನಾ?"

"ಹೇಳ್ಕೋಬೇಕಲ್ಲ ಮತ್ತೆ. ನಾನೇ ನೆಟ್ಟಿದ್ದು, ಈಗ ನನ್ನನ್ನೇ ಮೇಲಿಂದ ಕೆಳಗೆ ನೋಡ್ತಾವೆ."

"ನೋಡ್ಕೊ, ಒಂದಿನ ಅಲ್ಲೇ ಬೇರು ಬಿಟ್ಟೀಯ."

"ಬಿಟ್ರೆ ನಿನ್ನ ಒಲೆಗೆ ಸೌದೆಯಾದ್ರೂ ಆಗ್ತೀನಿ ಬಿಡು ಅಲ್ಮಾ."

ಇಷ್ಟೆಲ್ಲ ಸುತ್ತಿದರೂ ಒಂದು ಕಡೆ ಮಾತ್ರ ಅವಳ ಕಾಲು ಹೋಗುತ್ತಿರಲಿಲ್ಲ. ಮನೆಯ ಹಿಂದಿನಿಂದ ಹೊರಟ ಕಾಲುದಾರಿ ದಿಬ್ಬವೇರಿ ಕಾಡು ಹೊಗುವ ಕಡೆ ಒಂದು ಹಳೆಯ ಪೈನ್ ಮರವಿತ್ತು. ಅದು ಅವಳಪ್ಪನ ಶಿಲುಬೆಮರ. ಅದರ ಆಚೆಗೆ ಹೆಜ್ಜೆ ಇಡಬಾರದೆಂದು ಅಮ್ಮ ಬದುಕಿರುವವರೆಗೂ ಹೇಳಿದ್ದಳು. ಅಮ್ಮ ಸತ್ತು ಎಷ್ಟೋ ಕಾಲವಾಗಿದ್ದರೂ ಆ ಮಾತು ಸತ್ತಿರಲಿಲ್ಲ.

ಶಿಲುಬೆಮರ ಅಂದರೆ ಆ ಸೀಮೆಯವರಿಗೆ ಹುಡುಗಾಟವಲ್ಲ. ಶವವನ್ನು ಮಸಣಕ್ಕೆ ಒಯ್ಯುವಾಗ ದಾರಿಯ ಕೊನೆಯ ಕಾಡಿನ ಬಳಿ ಬಂಡಿ ನಿಲ್ಲುತ್ತದೆ. ಸತ್ತವನ ಹತ್ತಿರದ ಗಂಡಸೊಬ್ಬ ಇಳಿದು ಒಂದು ಮರಕ್ಕೆ ಶಿಲುಬೆ ಕೊರೆಯುತ್ತಾನೆ. ಎಲ್ಲರೂ ಒಂದೊಂದು ಗುಟುಕು ಸಾರಾಯಿ ಕುಡಿದು ಮುಂದೆ ಸಾಗುತ್ತಾರೆ. ಸತ್ತವನಿಗೆ ಮುಂದೆಂದಾದರೂ ಮನೆಯ ನೆನಪಾಗಿ ಎದ್ದು ಬಂದರೆ ಶಿಲುಬೆ ಎದುರಿಗೆ ಕಾಣುತ್ತದೆ; ಅಲ್ಲಿಂದೀಚೆಗೆ ಅವನು ಬರುವಂತಿಲ್ಲ, ಆ ಮರದಲ್ಲೇ ಅವನ ವಾಸ. ಅಂಥ ಮರದ ಒಂದು ರೆಂಬೆ ಮುರಿಯುವ ಧೈರ್ಯ ಅಲ್ಲಿನ ಕುಡುಕರಿಗೂ ಇಲ್ಲ. ರಷ್ಯದ ಮೇಸ್ತ್ರಿ ಕೂಡ ಆ ಪೈನ್ ಮರವನ್ನು ಮುಟ್ಟದೆ ಸುತ್ತಲಿನದನ್ನಷ್ಟೇ ಕಡಿಸಿದ್ದ.

ಆದರೆ ಮೇತಾಳ ಅಪ್ಪ ಹಿಂದ್ರಿಕನ ಶವ ಯಾವ ಮಸಣಕ್ಕೂ ಹೋಗಲಿಲ್ಲ. ಯುದ್ಧ ಮುಗಿದು ರಷ್ಯದವರು ಬಂದಾಗ ಊರಿನ ಗಂಡಸರು ಕೆಲವರು ಬಂದೂಕು ಹಿಡಿದು ಕಾಡು ಸೇರಿದರು, ಇನ್ನು ಕೆಲವರು ಬರೀ ಜೀವ ಉಳಿಸಿಕೊಳ್ಳಲು ಸೇರಿದರು. ಹಿಂದ್ರಿಕ ಎರಡನೆಯ ಬಗೆಯವನು. ಮೊದಲ ಚಳಿಗಾಲವೇ ರಷ್ಯದವರು ಪೇಟೆಯ ಚೌಕದಲ್ಲಿ ಗುಂಡೇಟಿಗೆ ಸತ್ತವನ ಹೆಣವೊಂದನ್ನು ಮಲಗಿಸಿ, ಸುತ್ತಲ ಹಳ್ಳಿಗಳ ಹೆಂಗಸರನ್ನು ಕರೆತಂದು, ಯಾರ ಗಂಡ ಇವನು ಎಂದು ಕೇಳಿದರು. ಹೌದು ಅಂದವಳ ಮನೆಮಂದಿಯೆಲ್ಲ ಸೈಬೀರಿಯಕ್ಕೆ ಗಡಿಪಾರು. ಮೇತಾಳ ಅಮ್ಮ ನೋಡಿದಳು. ಮುಖ ಗುರುತು ಸಿಗುವ ಹಾಗಿರಲಿಲ್ಲ. ಕೈಗಳಿಗೆ ಮಾತ್ರ ಕೈಗವುಸು ಹಾಗೇ ಇತ್ತು: ಬಿಳಿಯ ಮೇಲೆ ನೀಲಿ ನಕ್ಷತ್ರ, ಮಣಿಕಟ್ಟಿನ ಹತ್ತಿರ ಎರಡು ಸುತ್ತು ಕೆಂಪು ನೂಲು. ಅಲ್ಲಿ ಒಬ್ಬೊಬ್ಬ ಹೆಂಗಸಿನ ಹೆಣಿಗೆಯೂ ಬೇರೆ ಬೇರೆ. ತನ್ನ ಹೆಣಿಗೆ ತನಗೆ ತಿಳಿಯದೆ ಇರುತ್ತದೆಯೇ. "ಇವನು ಯಾರೋ, ನಾನು ಕಂಡಿಲ್ಲ," ಅಂದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ತಲೆವಸ್ತ್ರ ಬಾಯಿಗೆ ತುರುಕಿಕೊಂಡು ಅತ್ತಳು.

ಹೆಣವಿಲ್ಲ, ಮೆರವಣಿಗೆಯಿಲ್ಲ, ಪಾದ್ರಿಯಿಲ್ಲ. ಶಿಲುಬೆಯೂ ಇಲ್ಲದಿದ್ದರೆ ಆ ಜೀವ ಅಲೆಯುತ್ತ ಮನೆ ಬಾಗಿಲಿಗೇ ಬರುತ್ತದೆ. ಅದಕ್ಕೆ ಅಮ್ಮ ತಮ್ಮದೇ ಕಾಡಿನ ಅಂಚಿನಲ್ಲಿ, ಅಪ್ಪ ದಿನವೂ ಬರುತ್ತಿದ್ದ ಕಾಲುದಾರಿಯ ಮೇಲೆ, ಆ ಪೈನ್ ಮರವನ್ನು ಆರಿಸಿದಳು. ಮನೆಯಲ್ಲಿದ್ದ ಗಂಡಸು ಅಂದರೆ ಹನ್ನೊಂದು ವರ್ಷದ ಏದಿ. ಅಪ್ಪನದೇ ಉಳಿ, ಅಪ್ಪನದೇ ಸುತ್ತಿಗೆ ಹಿಡಿದು ಅವನು ಶಿಲುಬೆ ಕೊರೆದ. ಅಕ್ಷರ ಕೊರೆಯಲಿಲ್ಲ, ಯಾರಾದರೂ ಓದಿಯಾರೆಂಬ ಭಯ.

ಮುಂದಿನ ಶರತ್ಕಾಲ ಆತ್ಮಗಳ ದಿನ ಬಂತು. ಆ ದಿನ ಅಲ್ಲಿ ಹಬೆಯಲ್ಲಿ ಮೀಯುವ ಹಬೆಮನೆ ಕಾಯಿಸಿ, ಮೇಜಿನ ಮೇಲೆ ಊಟವಿಟ್ಟು, ಸತ್ತವರನ್ನು ಹೆಸರು ಹಿಡಿದು ಕರೆಯುವ ವಾಡಿಕೆ. ಪಾಲೋ ಮನೆಯಲ್ಲಿ ಮಾತ್ರ ಅಮ್ಮ ಕರೆಯಲಿಲ್ಲ. ಶಿಲುಬೆಯಿಂದ ತಡೆದವನನ್ನು ಕರೆಯಬಾರದು, ಅವನ ಊಟ ಅವನಿರುವಲ್ಲಿಗೇ ಹೋಗಬೇಕು ಅಂದಳು. ನೀಲಿ ಅಂಚಿನ ಬಿಳಿ ಎನಾಮೆಲ್ ಬಟ್ಟಲಿನಲ್ಲಿ ಬಾರ್ಲಿ ಗಂಜಿ, ಮೇಲೆ ಹುರಿದ ಹಂದಿಮಾಂಸದ ಚೂರು. ಆ ಬಟ್ಟಲಿನ ತಳ ಒಮ್ಮೆ ತೂತಾದಾಗ ಅಪ್ಪನೇ ತಾಮ್ರದ ಮೊಳೆ ಬಡಿದು ಮುಚ್ಚಿದ್ದ. ಒಂಬತ್ತು ವರ್ಷದ ಮೇತಾ ಅದನ್ನು ಒಯ್ದು ಮರದ ಬುಡದಲ್ಲಿಟ್ಟು ಓಡಿಬಂದಳು. ಮಾರನೆಯ ದಿನ ಹೋದರೆ ಗಂಜಿಯೂ ಇಲ್ಲ, ಬಟ್ಟಲೂ ಇಲ್ಲ. "ನರಿ ಬಟ್ಟಲನ್ನೂ ತಿನ್ನುತ್ತೇನೇ? ಎಲ್ಲಿ ಬೀಳಿಸಿದೆ ಹೇಳು," ಎಂದು ಅಮ್ಮ ಚೆನ್ನಾಗಿ ಬೈದಳು.

ಆಮೇಲೆ ಒಂದೊಂದಾಗಿ ಶುರುವಾಯಿತು. ಮರದ ರೆಂಬೆಗೆ ಕಾಲು ಕಟ್ಟಿ ನೇತುಹಾಕಿದ ಮೊಲ. ಇನ್ನೊಂದು ದಿನ ಬೇಲಿಯ ಹತ್ತಿರ ಅದೇ ಥರ ಇನ್ನೊಂದು. ಕೊನೆಗೆ ಹಬೆಮನೆಯ ಗೋಡೆಗೆ ಒರಗಿಸಿದ ಒಣ ಸೌದೆಯ ಹೊರೆ. ಅಮ್ಮ ಯಾವುದನ್ನೂ ಮುಟ್ಟಲಿಲ್ಲ. ಸತ್ತವನು ಶಿಲುಬೆ ದಾಟಿ ಬರುತ್ತಿದ್ದಾನೆ, ಇಂದು ಸೌದೆ ತಂದವನು ನಾಳೆ ಮಕ್ಕಳನ್ನು ಕರೆದೊಯ್ಯುತ್ತಾನೆ ಎಂದು ನಡುಗಿದಳು. ಏದಿಯ ಕೈಗೆ ಮತ್ತೆ ಉಳಿ ಕೊಟ್ಟಳು. ಹಳೆಯ ಶಿಲುಬೆಯನ್ನೇ ಅವನು ಬಿಳಿ ತಿರುಳು ಕಾಣುವವರೆಗೆ, ಬೆರಳು ಮುಳುಗುವಷ್ಟು ಆಳ ಮಾಡಿದ. ಮಧ್ಯಾಹ್ನದಿಂದ ಕತ್ತಲಾಗುವವರೆಗೂ ಟಕ್ ಟಕ್ ಎಂಬ ಸದ್ದು ದಿಬ್ಬದಿಂದ ಕೇಳುತ್ತಲೇ ಇತ್ತು. ಅಂದಿನಿಂದ ಮೊಲವೂ ನಿಂತಿತು, ಸೌದೆಯೂ ನಿಂತಿತು.

ಏದಿಯ ಶಿಲುಬೆ ಹಿಡಿದು ನಿಲ್ಲಿಸಿತು ಎಂದು ಊರಲ್ಲಿ ಪಿಸುಮಾತಾಯಿತು. ಮುಂದೆ ಅವನು ಸಾಮೂಹಿಕ ಫಾರಂನಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡೇ ಜೀವನ ಕಳೆದ. ಆದರೆ ಗಂಡಸರಿಲ್ಲದ ಮನೆಯಲ್ಲಿ ಸಾವಾದರೆ ಶಿಲುಬೆ ಕೊರೆಯಲು ಜನ ಅವನನ್ನೇ ಕರೆಯುತ್ತಿದ್ದರು. ಮಾತು ಕಮ್ಮಿಯ, ಯಾವುದಕ್ಕೂ ಮುಂದೆ ಬೀಳದ ಏದಿಗೆ ಬದುಕಿನಲ್ಲಿ ಇದ್ದ ಹೆಮ್ಮೆ ಅದೊಂದೇ. "ನಾನು ಕೊರೆದದ್ದನ್ನ ದಾಟಿ ಒಬ್ಬನೂ ಬಂದಿಲ್ಲ," ಅನ್ನುತ್ತಿದ್ದ. ಈಗ ಅವನ ಎದೆ ಕೈಕೊಟ್ಟಿತ್ತು. ಮೆಟ್ಟಿಲು ಹತ್ತಿದರೆ ತುಟಿ ನೀಲಿ. ಇನ್ನೊಂದು ಚಳಿಗಾಲ ದಾಟಿದರೆ ಹೆಚ್ಚು ಎಂದು ವೈದ್ಯರು ಮೇತಾಳನ್ನು ಬದಿಗೆ ಕರೆದು ಹೇಳಿದ್ದರು. ಅದು ಅವನಿಗೂ ಗೊತ್ತಿತ್ತು.

"ನನ್ನದೂ ಅಪ್ಪನ ಮರದಲ್ಲೇ ಕೊರೆಸು. ಅವನ ಶಿಲುಬೆ ಪಕ್ಕದಲ್ಲಿ ಜಾಗ ಇದೆ, ನೋಡಿದ್ದೀನಿ," ಅಂದಿದ್ದ ಒಂದು ದಿನ ರೊಟ್ಟಿ ಕೊಯ್ಯುತ್ತ.

"ಆಯ್ತು ಬಿಡು. ಮೊದ್ಲು ಊಟ ಮಾಡು."

ಈ ಮಾತಾದ ಶರತ್ಕಾಲದಲ್ಲೇ ಮೇತಾಳ ಹಸು ಹಗ್ಗ ಕಿತ್ತುಕೊಂಡು ದಿಬ್ಬವೇರಿ ಶಿಲುಬೆಮರದ ಆಚೆ ನುಗ್ಗಿತು. ಹಸುವಿಗೆ ಯಾರ ಅಪ್ಪಣೆ. ಮೇತಾ ಮರದ ಕೆಳಗೆ ನಿಂತು ಕರೆದಳು, ಬೈದಳು, ಅದು ಬರಲಿಲ್ಲ. ಕೊನೆಗೆ, ಇದೂ ನನ್ನ ಕಾಡೇ ತಾನೆ, ಎಂದುಕೊಂಡು ಹೆಜ್ಜೆ ಇಟ್ಟಳು. ಆಚೆ ಕಡೆ ನೆಲ ಇಳಿಯುತ್ತ ಹೋಗಿ ಮತ್ತೆ ಏರುತ್ತಿತ್ತು. ಏರಿನಲ್ಲಿ ಹಸು ಮೇಯುತ್ತ ನಿಂತಿತ್ತು. ಅದರ ಕಡೆ ಹೋಗುವಾಗ ಅವಳ ಬಲಗಾಲು ಪಾಚಿಯೊಳಗೆ ಮೊಣಕಾಲಿನವರೆಗೂ ಕುಸಿಯಿತು.

ಕಾಲು ಎಳೆದುಕೊಂಡು ನೋಡಿದರೆ ಕೆಳಗೆ ಟೊಳ್ಳು. ಕೊಳೆತ ದಿಮ್ಮಿಗಳ ಮಾಡು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಪಾಚಿ. ಒಬ್ಬನು ಮಲಗಿ ಏಳುವಷ್ಟು ಜಾಗ. ಕಾಡು ಸೇರಿದವರ ಇಂಥ ಬಿಲಗಳು ಆ ಸೀಮೆಯಲ್ಲಿ ಅಲ್ಲಲ್ಲಿ ಇರುವುದು ಎಲ್ಲರಿಗೂ ಗೊತ್ತು. ತಮ್ಮ ಕಾಡಿನಲ್ಲೇ, ಇಷ್ಟು ಹತ್ತಿರದಲ್ಲಿ ಒಂದಿದೆ ಎಂದು ಅವಳು ಅಂದುಕೊಂಡಿರಲಿಲ್ಲ. ಮಾಡಿನ ತೂತು ದೊಡ್ಡದು ಮಾಡಿ ಒಳಗಿಳಿದಳು. ತಗಡಿನ ಒಲೆ ತುಕ್ಕು ಹಿಡಿದು ಪುಡಿಪುಡಿ. ಗೋಡೆಯಲ್ಲಿ ಹಲಗೆಯ ಗೂಡು. ಗೂಡಿನಲ್ಲಿ ಒಂದು ಬಟ್ಟಲು, ತೊಳೆದು ಕವುಚಿಟ್ಟದ್ದು. ಮಣ್ಣು ಒರೆಸಿದಳು. ನೀಲಿ ಅಂಚು. ತಳದಲ್ಲಿ ತಾಮ್ರದ ಮೊಳೆ.

ಅವಳು ಅಲ್ಲೇ ಕೂತುಬಿಟ್ಟಳು. ಶಿಲುಬೆ ಕೊರೆದದ್ದು ಚಳಿಗಾಲದಲ್ಲಿ. ಬಟ್ಟಲು ಕಳೆದದ್ದು ಅದರ ಮುಂದಿನ ಶರತ್ಕಾಲ, ಅದನ್ನು ಮರದ ಬುಡಕ್ಕೆ ಒಯ್ದದ್ದು ಅವಳದೇ ಕೈ. ಹಾಗಾದರೆ ಆ ಗಂಜಿಯನ್ನು ತಿಂದವನು ಸತ್ತವನಲ್ಲ. ಅಪ್ಪ ಆ ಕೈಗವುಸನ್ನು ಚಳಿಗೆ ನಡುಗುತ್ತಿದ್ದ ಯಾರಿಗೋ ಕೊಟ್ಟಿರಬೇಕು. ಚೌಕದಲ್ಲಿ ಮಲಗಿದ್ದವನು ಆ ಯಾರೋ. ಅಮ್ಮ ತನ್ನ ಹೆಣಿಗೆಯನ್ನು ನಂಬಿದಳು. ಅವಳನ್ನು ಯಾವ ಬಾಯಲ್ಲಿ ಬೈಯುವುದು. ಅಪ್ಪ ತನ್ನ ಮನೆ ಕಾಣುವಷ್ಟು ಹತ್ತಿರದಲ್ಲಿ ಕೂತು, ತನ್ನ ತಿಥಿಯ ಊಟ ತಾನೇ ಉಂಡು, ಬಟ್ಟಲು ತೊಳೆದು ಇಟ್ಟಿದ್ದಾನೆ. ಮೊಲ ಹಿಡಿದು ಮಕ್ಕಳಿಗೆ ತಂದಿದ್ದಾನೆ. ಮರದಿಂದ ಬೇಲಿಗೆ, ಬೇಲಿಯಿಂದ ಹಬೆಮನೆಗೆ, ಒಂದೊಂದು ಸಲಕ್ಕೆ ಒಂದಿಷ್ಟು ಹತ್ತಿರ ಬಂದಿದ್ದಾನೆ. ಆಗ ಮಗ ಉಳಿ ಹಿಡಿದು ಬಂದ. ಮೇತಾ ಆ ಬಿಲದಲ್ಲಿ ಕೂತು ಜೋರಾಗಿಯೇ ಅತ್ತಳು. ಕೇಳಲು ಹಸುವೊಂದೇ ಇತ್ತು.

ಬಟ್ಟಲನ್ನು ಬುಟ್ಟಿಗೆ ಹಾಕಿ, ಮೇಲೆ ಅಣಬೆ ಮುಚ್ಚಿ ಮನೆಗೆ ತಂದು, ಹಿಟ್ಟಿನ ಪೆಟ್ಟಿಗೆಯ ಹಿಂದೆ ಅಡಗಿಸಿಟ್ಟಳು. ಏದಿಗೆ ಹೇಳುವುದು ಹೇಗೆ? ಹೇಳದಿದ್ದರೆ ಅವನು ತನ್ನ ಹೆಮ್ಮೆಯೊಡನೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾನೆ. ಹೇಳಿದರೆ, ನಿನ್ನ ಉಳಿಯೇ ಅಪ್ಪನನ್ನು ಅಟ್ಟಿತು ಎಂದು ಸಾಯುವವನ ಮುಖಕ್ಕೆ ಹೇಳಿದಂತೆ. ಆ ಎದೆ ಅದನ್ನು ತಡೆಯುತ್ತದೆಯೇ. ಬಾಯಿ ಹೊಲಿದುಕೊಂಡು ಇದ್ದುಬಿಡೋಣ ಎಂದು ನಿರ್ಧರಿಸಿದಳು. ಕಾಡಿಗೆ ಹೋಗುವುದನ್ನೂ ನಿಲ್ಲಿಸಿದಳು. "ಏನಾಯ್ತೇ, ಕಾಡು ಇಷ್ಟು ಬೇಗ ಬೇಜಾರಾಯ್ತಾ?" ಎಂದು ಅಲ್ಮಾ ಕೇಳಿದ್ದಕ್ಕೆ, "ಕಾಲು ನೋವು," ಅಂದಳು.

ಆತ್ಮಗಳ ದಿನ ಬಂದೇ ಬಂತು. ಏದಿ ಬೆಳಿಗ್ಗೆಯೇ ಎದ್ದು ಗಡ್ಡ ಹೆರೆದುಕೊಂಡು, ಒಲೆಯ ಮುಂದೆ ಕೂತು ಗಂಜಿ ಕದಡಿದ. ಅಮ್ಮ ಹೋದ ಮೇಲೆ ಆ ಕೆಲಸ ಅವನದು. ಗಂಜಿಯನ್ನು ಹೂವಿನ ಚಿತ್ರದ ಪಿಂಗಾಣಿ ಬಟ್ಟಲಿಗೆ ಬಡಿಸಿ, ಮೇಲೆ ಮಾಂಸದ ಚೂರು ಹಾಕಿ, ಬಟ್ಟೆ ಮುಚ್ಚಿದ.

"ತಗೋ, ಅಪ್ಪನ ಮರಕ್ಕೆ ಇಟ್ಟು ಬಾ. ಮುಂದಿನ ವರ್ಷ ಎರಡು ಬಟ್ಟಲು ಹೊರಬೇಕಾಗುತ್ತೆ ನೀನು," ಎಂದು ನಕ್ಕ.

ಮೇತಾ ಬಟ್ಟಲು ಕೈಗೆ ತೆಗೆದುಕೊಂಡಳು. ಬಾಗಿಲವರೆಗೂ ಹೋದಳು. ಅಲ್ಲಿಂದ ಮುಂದಕ್ಕೆ ಆಗಲಿಲ್ಲ. ಅಲ್ಲಿಲ್ಲದವನಿಗೆ ಅಲ್ಲಿ ಊಟವಿಟ್ಟು ಬರುವುದು ಹೇಗೆ? ಇವತ್ತು ತಾನೂ ಇಟ್ಟು ಬಂದರೆ, ಅಪ್ಪನನ್ನು ಹೊರಗೆ ನಿಲ್ಲಿಸಿದವರಲ್ಲಿ ತಾನೂ ಒಬ್ಬಳು. ಉಳಿದವರಿಗಾದರೂ ಗೊತ್ತಿರಲಿಲ್ಲ, ತನಗೆ ಗೊತ್ತಿದೆ. ಅವಳು ತಿರುಗಿ ಬಂದು ಪಿಂಗಾಣಿ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಹಿಟ್ಟಿನ ಪೆಟ್ಟಿಗೆಯ ಹಿಂದಿನಿಂದ ಹಳೆಯದನ್ನು ತಂದು ಪಕ್ಕದಲ್ಲಿ ಕವುಚಿಟ್ಟಳು.

ಏದಿ ನೋಡಿದ. ಬೆರಳು ಚಾಚಿ ತಾಮ್ರದ ಮೊಳೆ ಸವರಿದ.

"ಎಲ್ಲಿತ್ತು?"

"ಮರದ ಆಚೆ. ತಗ್ಗು ದಾಟಿದ ಮೇಲೆ ಎದುರಿನ ಏರಲ್ಲಿ. ನೆಲದೊಳಗೆ ಒಂದು ಬಿಲ ಇದೆ."

"ಹೀಗೇ ಇತ್ತಾ? ಕವುಚಿ?"

"ಹೂಂ. ತೊಳೆದಿಟ್ಟಿದ್ದ."

"ಅಪ್ಪ ಹಾಗೇ ಇಡ್ತಿದ್ದ. ಅಮ್ಮ ಎಂದೂ ಕವುಚ್ತಿರಲಿಲ್ಲ, ನೀರು ನಿಲ್ಲುತ್ತೆ ಅಂತ ಅವಳ ಹತ್ರ ಜಗಳ ಆಡ್ತಿದ್ದ." ಏದಿ ಬಟ್ಟಲನ್ನು ಎತ್ತಿ ನೋಡಿ, ಮತ್ತೆ ಹಾಗೇ ಕವುಚಿಟ್ಟ. "ಮರದಿಂದ ಎಷ್ಟು ದೂರ ಅದು?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಲು ಬಾಯಿ ತೆರೆದಳು. ಆಗಲಿಲ್ಲ. "ಕೂಗಿದ್ರೆ ಕೇಳ್ಸುತ್ತೆ," ಅಂದಳು.

"ಹಾಗಾದ್ರೆ ಉಳಿ ಸದ್ದೂ ಕೇಳ್ಸಿರುತ್ತೆ."

ಮೇತಾ ಪಿಂಗಾಣಿ ಬಟ್ಟಲಿನ ಮೇಲಿನ ಬಟ್ಟೆ ಸರಿಮಾಡಿದಳು.

"ಮಧ್ಯಾಹ್ನದಿಂದ ಕತ್ತಲಾಗೋವರೆಗೂ ಬಡಿದೆ ಕಣೆ. ಕೈ ಬೊಬ್ಬೆ ಬಂತು. ಅಮ್ಮ ಸಾಕು ಅಂದ್ರೂ ಬಿಡ್ಲಿಲ್ಲ. ನನಗೆ ಅಷ್ಟು ಭಯ ಇತ್ತು ಅಪ್ಪನ್ನ ಕಂಡ್ರೆ." ಅವನು ತನ್ನ ಎರಡೂ ಕೈ ತಿರುಗಿಸಿ ಅಂಗೈ ನೋಡಿಕೊಂಡ. "ಸೌದೆ ಹೊರೆ ತಂದವನು ಇನ್ನೊಂದು ಸಲ ಬಂದಿದ್ರೆ ಬಾಗಿಲು ತಟ್ತಿದ್ದ. ನನ್ನ ಮಗ ನನ್ನ ಬರಬೇಡ ಅಂತಿದ್ದಾನೆ ಅಂದ್ಕೊಂಡು ಹೋಗ್ಬಿಟ್ಟ."

"ನೀನು ಹನ್ನೆರಡು ವರ್ಷದ ಹುಡುಗ ಏದಿ."

"ಅಪ್ಪನಿಗೆ ಕೇಳಿಸಿದ್ದು ಉಳಿ ಸದ್ದು. ನನ್ನ ವಯಸ್ಸಲ್ಲ."

ಅವನು ಅಳಲಿಲ್ಲ. ಅತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕಿಟಕಿಯಾಚೆ ದಿಬ್ಬದ ಕಡೆ ನೋಡುತ್ತ ಕೂತ. ಗಂಜಿ ಆರಿ ಕೆನೆಗಟ್ಟಿತು. ಹೇಳಬಾರದಾಗಿತ್ತು, ನಾನು ಕೊಂದೆ ಇವನನ್ನು, ಎಂದು ಮೇತಾ ಒಳಗೊಳಗೇ ತನ್ನನ್ನು ಶಪಿಸಿಕೊಂಡಳು. ಆಗ ಅವನು ಮೇಜು ಹಿಡಿದು ಎದ್ದು, ಗೂಟದಿಂದ ಕೋಟು ತೆಗೆದುಕೊಂಡ.

"ಎಲ್ಲಿಗೆ?"

"ಕರ್ಕೊಂಡು ಬರೋಕೆ."

"ಏದಿ, ಮೆಟ್ಟಿಲು ಹತ್ತೋಕಾಗಲ್ಲ ನಿನಗೆ. ದಿಬ್ಬ ಹತ್ತುತ್ತೀಯಾ?"

"ಹತ್ತದೆ ಇದ್ರೆ ಅಲ್ಲೇ ಬೀಳ್ತೀನಿ. ನಿನ್ನ ಕಾಡೇ ತಾನೆ, ಯಾರೂ ಕೇಳಲ್ಲ."

ಅವನನ್ನು ತಡೆಯುವವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಹಬೆಮನೆಯ ಒಲೆಗೆ ಸೌದೆ ತುಂಬಿ, ಬೆಂಕಿ ಹಚ್ಚಿ, ಇಬ್ಬರೂ ಹೊರಟರು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಗರಗರ ಅನ್ನುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಏದಿ ನಿಲ್ಲುತ್ತಿದ್ದ. ಶಿಲುಬೆಮರದ ಕೆಳಗೆ ಬಂದಾಗ ಟೋಪಿ ತೆಗೆದ. ಮರ ಎರಡೂ ಕಡೆಯಿಂದ ತೊಗಟೆ ಬೆಳೆಸಿ ಗಾಯ ಮುಚ್ಚಿಕೊಳ್ಳಲು ನೋಡಿತ್ತು. ಅಷ್ಟು ಆಳದ ಗಾಯ ಮುಚ್ಚಿರಲಿಲ್ಲ. ಅವನು ಅದನ್ನು ಮುಟ್ಟಲಿಲ್ಲ. ದಾಟಿ ನಡೆದ.

ಬಿಲದ ಹತ್ತಿರ ಅವನು ಮಂಡಿಯೂರಿ ಕೂತ. ಮೇತಾ ತುಸು ದೂರ ನಿಂತಳು. ಅಪ್ಪ ಆಮೇಲೆ ಏನಾದ, ಯಾವ ಊರಲ್ಲಿ ಸತ್ತ, ಯಾರ ಕೈಯ ಗುಂಡು ತಗುಲಿತು, ಅದು ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಗೊತ್ತಿರುವುದು ಈ ಗುಂಡಿ ಒಂದೇ. ಏದಿ ಅದರೊಳಗೆ ಬಗ್ಗಿ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಮಾತಾಡಿದ.

"ಅಪ್ಪಾ, ನಾನು ಏದಿ. ನೀನು ಸತ್ತೋಗಿದ್ದೀಯ ಅಂದ್ಕೊಂಡಿದ್ವಿ. ಕೈಗವುಸು ನೋಡಿ ಮೋಸ ಹೋದ್ವಿ. ಬಾ, ಊಟಕ್ಕೆ ಹೋಗೋಣ. ಹಬೆಮನೆ ಕಾಯ್ತಿದೆ."

ಸ್ವಲ್ಪ ಹೊತ್ತು ಕಾದು, ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಮೇತಾ ಬಂದ ದಾರಿಯ ಕಡೆಗೇ ತಿರುಗಿದಳು.

"ಆ ಕಡೆ ಬೇಡ. ಅಲ್ಲಿ ಶಿಲುಬೆ ಇದೆ. ಅದನ್ನ ದಾಟಿ ಬರೋಕಾಗಲ್ಲ ಅವನಿಗೆ," ಅಂದ ಏದಿ. "ನಾನು ಕೊರೆದದ್ದು ಹಿಡಿಯುತ್ತೆ. ಬೇರೆ ದಾರಿ ಇದೆಯಾ?"

ಇತ್ತು. ಮರ ಎಲ್ಲಿಂದಲೂ ಕಣ್ಣಿಗೆ ಬೀಳದ ಹಾಗೆ ಮನೆ ಸೇರುವ ದಾರಿ ಒಂದಿತ್ತು, ಅದು ಗೊತ್ತಿದ್ದದ್ದು ಜಗತ್ತಿನಲ್ಲಿ ಮೇತಾಳ ಕಾಲಿಗೆ ಮಾತ್ರ. ಏರಿನ ಬೆನ್ನು ಇಳಿದು, ಜೌಗಿನ ಅಂಚಿಗೇ ಹೋಗಿ, ಚಿಲುಮೆ ಬಳಸಿ, ಅಜ್ಜನ ಗಡಿಕಲ್ಲಿನ ಹತ್ತಿರ ತಿರುಗಿ, ಹೊಸ ಪೈನ್ ತೋಪಿನ ನಡುವೆ ನುಸುಳಿ ಹಬೆಮನೆಯ ಹಿಂಬದಿಗೆ ಬರಬೇಕು. ಗಟ್ಟಿ ಎದೆಯವರಿಗೇ ಏದುಸಿರು ಬರುವ ಸುತ್ತು.

"ಬಹಳ ಬಳಸು ಏದಿ."

"ಆಗ್ಲಿ. ಮುಂದೆ ನೀನು ನಡಿ, ದಾರಿ ನಿನಗೆ ಗೊತ್ತು. ನಾನು ಹಿಂದೆ ಬರ್ತೀನಿ. ಅವನು ನನ್ನ ಹಿಂದೆ ಬರ್ತಾನೆ."

ಮೇತಾ ಮುಂದೆ ನಡೆದಳು. ಜೌಗಿನ ಅಂಚಿನ ಪೊದೆಗಳು ದಟ್ಟ. ಅವಳು ಒಂದು ರೆಂಬೆ ಸರಿಸಿದರೆ, ಹಿಂದೆ ಬರುವವನ ಮುಖಕ್ಕೆ ಹೊಡೆಯಬಾರದೆಂದು ಏದಿ ಹಿಡಿಯುವವರೆಗೂ ಹಿಡಿದಿರುತ್ತಿದ್ದಳು. ಕಾಡಿನವರು ಯಾರಾದರೂ ಅಷ್ಟು ಮಾಡುತ್ತಾರೆ. ಒಮ್ಮೆ ತಿರುಗಿ ನೋಡಿದಳು. ಏದಿ ಅವಳ ಕೈಯಿಂದ ರೆಂಬೆ ತೆಗೆದುಕೊಂಡು, ತಾನು ದಾಟಿ, ಬಿಡದೆ ಹಿಡಿದು ನಿಂತಿದ್ದ. ಅವನ ಹಿಂದೆ ಯಾರೂ ಇರಲಿಲ್ಲ. ಇನ್ನೊಬ್ಬ ದಾಟುವಷ್ಟು ಹೊತ್ತು ಕಾದು, ಆಮೇಲೆ ಮೆಲ್ಲಗೆ ಬಿಟ್ಟ. ಮುಂದಿನ ರೆಂಬೆಗೂ ಹಾಗೇ. ಅದರ ಮುಂದಿನದಕ್ಕೂ ಹಾಗೇ.

"ಇಲ್ಲಿ ಜಾರುತ್ತೆ ಅಪ್ಪಾ, ಕಲ್ಲಿನ ಮೇಲೆ ಕಾಲಿಡು," ಅನ್ನುತ್ತಿದ್ದ. ತುಟಿ ನೀಲಿಯಾಗಿತ್ತು. "ನಿಧಾನ. ನನಗೂ ಆಗಲ್ಲ ಈಗ, ವಯಸ್ಸಾಯ್ತು. ನಿನಗಿಂತ ದೊಡ್ಡವನಾಗಿಬಿಟ್ಟೆ ನಾನು."

ಪೈನ್ ತೋಪಿನೊಳಗೆ ಬಂದ ಮೇಲೆ ಮೇತಾಳಿಗೂ ಸುಮ್ಮನಿರಲಾಗಲಿಲ್ಲ. ಹಿಂದೆ ತಿರುಗದೆಯೇ, "ಇವೆಲ್ಲ ನಾನು ನೆಟ್ಟಿದ್ದು ಅಪ್ಪಾ," ಅಂದಳು. "ನಿನ್ನ ಹಳೇ ಮರ ಎಲ್ಲ ಕಡಿದುಹಾಕಿದ್ರು. ನಾನು ನೆಟ್ಟೆ."

ಹಬೆಮನೆಯಿಂದ ಹೊಗೆ ಏಳುತ್ತಿತ್ತು. ಅಂಗಳ ದಾಟಿ ಮನೆಯ ಬಾಗಿಲಿಗೆ ಬಂದಾಗ ಏದಿ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡ. ಬಾಗಿಲನ್ನು ಪೂರ್ತಿ ತೆಗೆದು ಬದಿಗೆ ನಿಂತ. ಮೇತಾ ಒಳಗೆ ಹೋದಳು. ಅವನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಾಗೇ ಬಾಗಿಲು ಹಿಡಿದು ನಿಂತು, ಆಮೇಲೆ ತಾನು ಒಳಬಂದು ಅಗುಳಿ ಹಾಕಿದ. ನೀಲಿ ಅಂಚಿನ ಬಟ್ಟಲಿಗೆ ಬಿಸಿ ಗಂಜಿ ಬಡಿಸಿ, ಮೇಜಿನ ತಲೆಕಡೆ ಇಟ್ಟರು. ಅಲ್ಲಿ ಅಷ್ಟು ವರ್ಷ ಯಾರೂ ಕೂತಿರಲಿಲ್ಲ.

"ನನಗೆ ಶಿಲುಬೆ ಬೇಡ ಕಣೆ," ಅಂದ ಏದಿ ಊಟ ಮುಗಿಸುವಾಗ. "ಯಾರ ಕೈಗೂ ಉಳಿ ಕೊಡಬೇಡ."

ಅವನು ಆ ಚಳಿಗಾಲ ದಾಟಿದ. ಹಿಮ ಕರಗುವ ಹೊತ್ತಿಗೆ ಹೋದ. ಶವ ಹೊತ್ತ ಗಾಡಿ ಕಾಡಿನ ಬಳಿ ವಾಡಿಕೆಯಂತೆ ನಿಂತಿತು. ಊರಿಗೆಲ್ಲ ಶಿಲುಬೆ ಕೊರೆದವನು ಎಂದು ಒಳ್ಳೆಯ ಮರವನ್ನೇ ಆರಿಸಿ, ಉಳಿ ಹಿಡಿದು ಇಬ್ಬರು ಕಾಯುತ್ತಿದ್ದರು. ಮೇತಾ ಗಾಡಿಯಿಂದ ಇಳಿಯಲಿಲ್ಲ.

"ಬೇಡ. ಮುಂದೆ ಹೊಡೀರಿ," ಅಂದಳು.

ಅಲ್ಮಾ ಅವಳ ತೋಳು ಹಿಡಿದಳು. "ಹುಚ್ಚೇನೇ ನಿನಗೆ? ರಾತ್ರಿ ಎದ್ದು ಮನೆಗೆ ಬಂದಾನು."

"ಬರ್ಲಿ," ಅಂದಳು ಮೇತಾ. "ದಾರಿ ಗೊತ್ತಿದೆ ಅವನಿಗೆ."

ಈಗಲೂ ಮೇತಾ ಹಸುವಿನ ಕೆಲಸ ಮುಗಿಸಿ ದಿನವೂ ಕಾಡಿಗೆ ಹೋಗುತ್ತಾಳೆ. ಹೋಗುವುದು ಒಬ್ಬಳೇ. ದಾರಿಗೆ ಅಡ್ಡ ಬಂದ ರೆಂಬೆಯನ್ನು ಸರಿಸಿ ದಾಟಿದ ಮೇಲೆ ತಟ್ಟನೆ ಬಿಡುವುದಿಲ್ಲ, ಇಬ್ಬರು ದಾಟುವಷ್ಟು ಹೊತ್ತು ಹಿಡಿದಿರುತ್ತಾಳೆ.